ಸಂದಿಯಲ್ಲಿ ಸೋರಿಹೋಗುವ ಸೌದೆ

ಶೀತ ದೇಶಗಳಲ್ಲಿ ಚಳಿಗಾಲ ಹತ್ತಿರವಾದಂತೆ ಮನೆಯ ಬಾಗಿಲು, ಕಿಟಕಿ, ಗೋಡೆಗಳ ಸಂದಿಗಳನ್ನು ಹುಡುಕಿ ಮುಚ್ಚುವ ಕೆಲಸ ಆರಂಭವಾಗುತ್ತದೆ. ಒಳಗೆ ಹಣ ಕೊಟ್ಟು ಕಾಯಿಸಿದ ಗಾಳಿ ಹೊರಗೆ ಹೋಗಬಾರದು, ಹೊರಗಿನ ಕೊರೆಯುವ ಗಾಳಿ ಒಳಗೆ ಬರಬಾರದು ಎಂಬುದು ಅಲ್ಲಿನ ಗೃಹಸ್ಥರ ಸರಳವಾದ ಲೆಕ್ಕ. ಈ ಮಾತನ್ನು ಸಂಪಾಜೆಯಲ್ಲಿ ಆಡಿದರೆ ಕೇಳಿದವರು ನಕ್ಕಾರು. ಘಟ್ಟ ಹತ್ತಿ ಮಡಿಕೇರಿಗೆ ಹೋದರೆ ಆಷಾಢದ ಗಾಳಿಗೆ ಕಿಟಕಿ ಭದ್ರಪಡಿಸಬೇಕಾದೀತು. ತಪ್ಪಲಿನ ನಮಗೆ ಮನೆಯನ್ನು ಬಿಸಿ ಮಾಡುವ ಅಗತ್ಯವೇ ಇಲ್ಲವಲ್ಲ ಎಂದು ಕೇಳಿಯಾರು. ಮಾತು ನಿಜ. ಆದರೆ ಅರ್ಧ ಮಾತ್ರ ನಿಜ.

ನಾವು ಮನೆಯನ್ನು ಕಾಯಿಸುವುದಿಲ್ಲ. ಆದರೆ ನೀರನ್ನು ಕಾಯಿಸುತ್ತೇವೆ, ರಬ್ಬರ್ ಶೀಟನ್ನು ಕಾಯಿಸುತ್ತೇವೆ, ಅಕಾಲದ ಮಳೆ ಬಂದರೆ ಅಡಿಕೆಯನ್ನೂ ಕೊಬ್ಬರಿಯನ್ನೂ ಕಾಯಿಸುತ್ತೇವೆ. ನಮ್ಮ ಕಾವು ಇರುವುದು ಬಚ್ಚಲಿನ ಹಂಡೆಯೊಲೆಯಲ್ಲಿ ಮತ್ತು ತೋಟದ ಬದಿಯ ಹೊಗೆಮನೆಯಲ್ಲಿ. ಅಲ್ಲಿನ ಸಂದಿಗಳ ಮೂಲಕ ಪ್ರತಿದಿನ ಎಷ್ಟು ಕಾವು ಸೋರಿಹೋಗುತ್ತಿದೆ ಎಂಬುದನ್ನು ಲೆಕ್ಕ ಹಾಕಿದವರು ವಿರಳ. ವಿದ್ಯುತ್ತಿನ ಬಿಲ್ಲು ತಿಂಗಳಿಗೊಮ್ಮೆ ಬಾಗಿಲಿಗೆ ಬರುತ್ತದೆ. ಸೌದೆಯ ಬಿಲ್ಲು ಯಾರ ಬಾಗಿಲಿಗೂ ಬರುವುದಿಲ್ಲ; ಅದು ಗುಡ್ಡದ ಮೇಲೆ, ಹೊರೆ ಹೊರುವವರ ಬೆನ್ನಿನ ಮೇಲೆ ಬರೆಯಲ್ಪಡುತ್ತದೆ.

ಗ್ಯಾಸು ಬಂದರೂ ಆರದ ಒಲೆ

2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ನಮ್ಮ ಹಳ್ಳಿಗಳ ಅಡುಗೆಮನೆಗಳಿಗೆ ಅನಿಲದ ಸಿಲಿಂಡರು ಇನ್ನಷ್ಟು ವ್ಯಾಪಕವಾಗಿ ಬಂದಿತು. ಚಹಾ, ತಿಂಡಿ, ಸಾಂಬಾರು ಅದರ ಮೇಲೆ ಆಗುತ್ತವೆ. ಆದರೆ ಬಚ್ಚಲಿನ ಹಂಡೆಗೆ ಸಿಲಿಂಡರು ಹಚ್ಚುವವರು ಎಷ್ಟು ಮಂದಿ? ಆಟಿಯ ಮಳೆಯಲ್ಲಿ ತೋಟದಿಂದ ತೊಯ್ದು ಬಂದವರಿಗೆ ಒಂದು ಹಂಡೆ ಬಿಸಿನೀರು ಭೋಗವಲ್ಲ, ಆರೋಗ್ಯ. ಉತ್ತರ ಕನ್ನಡದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನಡೆಸಿದ ಇಂಧನ ಸಮೀಕ್ಷೆಗಳೂ ಇದನ್ನೇ ತೋರಿಸಿವೆ: ಮಳೆ ಹೆಚ್ಚಿರುವ ಈ ಸೀಮೆಯಲ್ಲಿ ಸೌದೆಯ ದೊಡ್ಡ ಪಾಲೊಂದು ಅಡುಗೆಗಲ್ಲ, ಸ್ನಾನದ ನೀರಿಗೆ ಹೋಗುತ್ತದೆ.

ಇನ್ನೊಂದು ಕಡೆ ರಬ್ಬರ್. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ದೊರೆಯಿತು. ಅನಂತರ ರಬ್ಬರ್ ಖಾಸಗಿ ಹಿಡುವಳಿಗಳಿಗೂ ಹಬ್ಬಿತು. ಸಂಪಾಜೆ, ಅರಂತೋಡು ಸುತ್ತಿನ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ಹಣಿದ ಮೇಲಂತೂ ಅನೇಕ ಕೃಷಿಕರು ಬದುಕಿಗಾಗಿ ರಬ್ಬರನ್ನು ನಂಬಿದರು. ಅವರ ಆಯ್ಕೆಯನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಬಿಸಿಲಿನಲ್ಲಿ ಒಣಗುವ ಚಾಲಿ ಅಡಿಕೆಯ ಅಂಗಳದ ಬದಲಿಗೆ ಬೆಂಕಿಯಲ್ಲಿ ಒಣಗುವ ಶೀಟಿನ ಹೊಗೆಮನೆ ಬಂದಿತು. ಸೌದೆಯ ಹೊಸದೊಂದು ಬಾಯಿ ತೆರೆಯಿತು ಎಂಬುದನ್ನು ಗಮನಿಸಲೇಬೇಕು.

ಲೆಕ್ಕ ಏನು ಹೇಳುತ್ತದೆ?

ವಿದ್ಯಾರ್ಥಿ ಮಿತ್ರರು ಕಾಗದ, ಪೆನ್ಸಿಲು ಹಿಡಿದು ನನ್ನೊಂದಿಗೆ ಬರಲಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಕಿಲೊಜೂಲ್ ಶಾಖ ಬೇಕು. ಮನೆಯವರ ಸ್ನಾನಕ್ಕೆ 60 ಲೀಟರ್ ನೀರನ್ನು 24 ಡಿಗ್ರಿಯಿಂದ 64 ಡಿಗ್ರಿಗೆ ಏರಿಸಬೇಕೆಂದರೆ ಸುಮಾರು 10,000 ಕಿಲೊಜೂಲ್ ಬೇಕಾಗುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೊ ಸೌದೆಯಲ್ಲಿ ಸುಮಾರು 15,000 ಕಿಲೊಜೂಲ್ ಇದೆ. ಅಂದರೆ ಮುಕ್ಕಾಲು ಕಿಲೊಗಿಂತಲೂ ಕಡಿಮೆ ಸೌದೆಯಲ್ಲಿ ಹಂಡೆ ಕಾಯಬೇಕು. ನಿಜವಾಗಿ ನಾವು ಉರಿಸುವುದು ಎಷ್ಟು? ಸುತ್ತಲೂ ತೆರೆದ ಹಳೆಯ ಒಲೆಗಳಲ್ಲಿ ನೂರು ಪಾಲು ಶಾಖದಲ್ಲಿ ಪಾತ್ರೆಗೆ ಸೇರುವುದು ಹತ್ತರಿಂದ ಹದಿನೈದು ಪಾಲು. ಆ ಲೆಕ್ಕದಲ್ಲಿ ದಿನಕ್ಕೆ ನಾಲ್ಕೂವರೆಯಿಂದ ಆರೂವರೆ ಕಿಲೊ. ಉಳಿದುದೆಲ್ಲ ಗೋಡೆಗೆ, ಗಾಳಿಗೆ, ಹಂಡೆಯ ಕಂಠದ ಸಂದಿಗೆ.

ಇನ್ನು ಹೊಗೆಮನೆ. 100 ಕಿಲೊ ಒಣ ರಬ್ಬರು ಕೊಡುವ ಹಸಿ ಶೀಟುಗಳಲ್ಲಿ 30 ಕಿಲೊ ನೀರು ಉಳಿದಿದೆ ಎಂದು ಇಟ್ಟುಕೊಳ್ಳೋಣ. ಒಂದು ಕಿಲೊ ನೀರು ಆವಿಯಾಗಲು ಸುಮಾರು 2,400 ಕಿಲೊಜೂಲ್ ಬೇಕು. 30 ಕಿಲೊಗೆ 72,000. ಇದು ಐದು ಕಿಲೊ ಒಣ ಸೌದೆಯಲ್ಲಿರುವ ಶಾಖ. ಹೊಗೆಮನೆಯಲ್ಲಿ ಕೆಲಸ ಮಾಡಿದವರು ಇದನ್ನು ನಂಬಲಾರರು. ಏಕೆಂದರೆ ಅವರು ಉರಿಸುವುದು ಇದರ ಹಲವು ಪಟ್ಟು.

ವ್ಯತ್ಯಾಸ ಎಲ್ಲಿಗೆ ಹೋಯಿತು? ಹೊಗೆಮನೆಯ ಬಾಗಿಲೊಂದನ್ನೇ ನೋಡೋಣ. ಮಳೆಗೆ ಉಬ್ಬಿ, ಬೆಂಕಿಗೆ ಸೆಡೆತು, ಚೌಕಟ್ಟಿನಿಂದ ಸರಿದ ಬಾಗಿಲಿನಲ್ಲಿ ಎರಡು ಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ ಸಂದಿ ಇರುವುದು ಅಪರೂಪವಲ್ಲ. ಅದರ ಮೂಲಕ ಗಾಳಿ ಸೆಕೆಂಡಿಗೆ ಒಂದು ಮೀಟರಿನಂತೆ ಹಾಯ್ದರೆ ಗಂಟೆಗೆ 72 ಘನ ಮೀಟರ್ ಆಯಿತು. ಒಂದು ಘನ ಮೀಟರ್ ಗಾಳಿಯನ್ನು 25 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ಸುಮಾರು 30 ಕಿಲೊಜೂಲ್ ಬೇಕು. ಹೀಗೆ ದಿನವೊಂದಕ್ಕೆ 50,000 ಕಿಲೊಜೂಲಿಗೂ ಹೆಚ್ಚು, ಅಂದರೆ ಮೂರೂವರೆ ಕಿಲೊ ಸೌದೆ. ಶೀಟು ಒಣಗುವ ನಾಲ್ಕು ದಿನಗಳಿಗೆ ಹದಿನಾಲ್ಕು ಕಿಲೊ. ಶೀಟಿನ ನೀರನ್ನೆಲ್ಲ ಆರಿಸಲು ಬೇಕಾದುದು ಐದು ಕಿಲೊ. ಬೆರಳು ತೂರದ ಒಂದು ಸಂದಿ ನುಂಗಿದ್ದು ಹದಿನಾಲ್ಕು! ನೀರಾವಿಯನ್ನು ಹೊತ್ತೊಯ್ಯಲು ಒಂದಷ್ಟು ಗಾಳಿ ಬೇಕೇ ಬೇಕು, ನಿಜ. ಆದರೆ ಆ ಗಾಳಿ ಎಲ್ಲಿಂದ, ಯಾವಾಗ, ಎಷ್ಟು ಹೋಗಬೇಕು ಎಂಬುದನ್ನು ನಾವು ನಿರ್ಧರಿಸಬೇಕೇ ಹೊರತು ಸೆಡೆತ ಹಲಗೆ ನಿರ್ಧರಿಸಬಾರದು.

ನಷ್ಟ ಸೌದೆಯದು ಮಾತ್ರವಲ್ಲ. ಬಾಗಿಲ ಬಳಿಯ ಸಾಲಿನ ಶೀಟುಗಳಿಗೆ ತಣ್ಣನೆಯ, ತೇವ ತುಂಬಿದ ಗಾಳಿ ತಾಗಿ ಅವುಗಳಲ್ಲಿ ಬಿಳಿಯ ಹಸಿ ಮಚ್ಚೆಗಳು ಉಳಿಯುತ್ತವೆ. ಅವನ್ನು ಒಣಗಿಸಲೆಂದು ಬೆಂಕಿ ಹೆಚ್ಚಿಸಿದರೆ ಒಲೆಯ ಬದಿಯ ಶೀಟುಗಳು 60 ಡಿಗ್ರಿ ಮೀರಿ ಗುಳ್ಳೆ ಏಳುತ್ತವೆ. ಎರಡೂ ಕಡೆ ದರ್ಜೆ ಇಳಿಯುತ್ತದೆ, ದರ ಇಳಿಯುತ್ತದೆ.

ಸಂದಿಯನ್ನು ಹುಡುಕುವ ಬಗೆ

ಇದಕ್ಕೆ ದುಬಾರಿ ಉಪಕರಣ ಬೇಡ. ಹೊಗೆಮನೆ ತನ್ನ ದೋಷವನ್ನು ತಾನೇ ಬರೆದು ತೋರಿಸುತ್ತದೆ. ಹಗಲಿನಲ್ಲಿ ಅದರ ಸುತ್ತ ಒಂದು ಸುತ್ತು ಬನ್ನಿ. ಗೋಡೆ, ಮಾಡು, ಚೌಕಟ್ಟುಗಳಲ್ಲಿ ಎಲ್ಲೆಲ್ಲಿ ಹೊರಗಡೆ ಮಸಿಯ ಗೆರೆ ಕಾಣುತ್ತದೆಯೋ ಅಲ್ಲಲ್ಲಿ ಕಾವು ಹೊರಗೆ ಹೋಗುತ್ತಿದೆ. ಬೆಂಕಿಯಿಲ್ಲದ ದಿನ ಕತ್ತಲಾದ ಮೇಲೆ ಒಳಗೆ ದೀಪವಿಟ್ಟು ಹೊರಗಿನಿಂದ ನೋಡಿದರೆ ಉಳಿದ ಬಿರುಕುಗಳೂ ಬೆಳಕಿನ ಗೆರೆಗಳಾಗಿ ಕಾಣುತ್ತವೆ.

ಮಸಿ ಕಾಣದ ಸಂದಿಗಳೂ ಇವೆ. ಬಿಸಿಗಾಳಿ ಮೇಲೇರಿ ಮೇಲಿನ ಸಂದಿಯಿಂದ ಹೊರಹೋಗುತ್ತದೆ. ಅದರ ಜಾಗಕ್ಕೆ ತಣ್ಣನೆಯ ಗಾಳಿ ಕೆಳಗಿನ ಸಂದಿಯಿಂದ ನುಸುಳುತ್ತದೆ. ಆದುದರಿಂದ ಕೆಳಗಿನ ಸಂದಿಗಳಲ್ಲಿ ಮಸಿ ಇರುವುದಿಲ್ಲ. ಇವುಗಳಿಗೆ ದೇವರ ಕೋಣೆಯ ಊದುಬತ್ತಿಯೇ ಸಾಕು. ಬೆಂಕಿ ಉರಿಯುತ್ತಿರುವಾಗ ಊದುಬತ್ತಿಯನ್ನು ಬಾಗಿಲಿನ ಅಂಚಿನುದ್ದಕ್ಕೂ ನಿಧಾನವಾಗಿ ಒಯ್ಯಿರಿ. ಹೊಗೆ ನೇರವಾಗಿ ಏರಿದರೆ ಸಂದಿಯಿಲ್ಲ. ಒಳಕ್ಕೆ ಎಳೆದಂತಾದರೆ ಅಲ್ಲಿ ಗಾಳಿ ಒಳಹೋಗುತ್ತಿದೆ. ಹೊರಕ್ಕೆ ಬಾಗಿದರೆ ಕಾವು ಹೊರಬರುತ್ತಿದೆ. ಬಾಗಿಲಿನ ನಡುವೆ ಕಾಗದದ ತುಂಡಿಟ್ಟು ಮುಚ್ಚಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಬಾಗಿಲು ಕೂರುತ್ತಿಲ್ಲ ಎಂದರ್ಥ. ಗೋಡೆಯ ಮೇಲೆ, ಮಾಡಿನ ಬುಡದಲ್ಲಿ ಕಾಣುವ ಸಂದಿಗಳನ್ನು ಮೊದಲು ಮುಚ್ಚಬೇಕು. ಮೇಲೆ ದಾರಿ ಕಟ್ಟಿದರೆ ಕೆಳಗಿನ ಎಳೆತವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಹಂಡೆಯೊಲೆಯಲ್ಲಿ ಪರೀಕ್ಷೆ ಇನ್ನೂ ಸುಲಭ. ಉರಿ ಹಾಕಿ ಐದು ನಿಮಿಷ ನಿಂತು ನೋಡಿರಿ. ಹಂಡೆಯ ಕಂಠದ ಸುತ್ತ ಜ್ವಾಲೆಯೋ ಹೊಗೆಯೋ ಇಣುಕುತ್ತಿದೆಯೇ? ಒಲೆಯ ಬಾಯಿಯಿಂದ ಹೊಗೆ ಮುಖಕ್ಕೆ ರಾಚುತ್ತಿದೆಯೇ? ಹಾಗಿದ್ದರೆ ಹೊಗೆಕೊಳವೆ ಮಸಿಯಿಂದ ಕಟ್ಟಿದೆ, ಅಥವಾ ಇಲ್ಲವೇ ಇಲ್ಲ.

ಮುಚ್ಚುವ ಬಗೆ

ಬೆಂಕಿ ತಾಗುವ ಕಡೆ ಸಿಮೆಂಟು ನಿಲ್ಲುವುದಿಲ್ಲ, ಬಿರಿಯುತ್ತದೆ. ಅಲ್ಲಿಗೆ ಮಣ್ಣೇ ಸರಿ. ಜಿಗುಟಾದ ಮಣ್ಣಿಗೆ ಮರಳು, ಉಮಿ, ಸೆಗಣಿ ಕಲಸಿ ಒಂದು ದಿನ ನೆನೆಯಲು ಬಿಟ್ಟು ಮೆತ್ತಬೇಕು. ಬರಿಯ ಜೇಡಿಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಮರಳು ಅದನ್ನು ತಡೆಯುತ್ತದೆ. ಉಮಿ ಉರಿದು ಉಳಿಯುವ ಸಣ್ಣ ರಂಧ್ರಗಳು ಶಾಖವನ್ನು ಹಿಡಿದಿಡುತ್ತವೆ. ಹುತ್ತದ ಮಣ್ಣು ಈ ಕೆಲಸಕ್ಕೆ ಶ್ರೇಷ್ಠ. ಪಾಳುಬಿದ್ದ ಹುತ್ತದ್ದನ್ನು ಮಾತ್ರ ತನ್ನಿರಿ.

ಹಂಡೆಯೊಲೆಯಲ್ಲಿ ಹಂಡೆಗೂ ಒಳಗೋಡೆಗೂ ನಡುವೆ ಒಂದಂಗುಲದಷ್ಟು ಅಂತರ ಸುತ್ತಲೂ ಸಮನಾಗಿರಲಿ. ಜ್ವಾಲೆ ಹಂಡೆಯನ್ನು ತಬ್ಬಿಕೊಂಡು ಮೇಲೇರಬೇಕು. ಕಂಠದ ಬಳಿ ಮಾತ್ರ ಮಣ್ಣಿನಿಂದ ಪೂರ್ತಿ ಮುಚ್ಚಿ, ಹೊಗೆ ಹಿಂಬದಿಯ ಕೊಳವೆಯೊಂದರಿಂದಲೇ ಹೋಗುವಂತೆ ಮಾಡಬೇಕು. ಸೌದೆ ತುರುಕುವ ಬಾಯಿಗೆ ತಗಡಿನ ಮುಚ್ಚಳ ಮಾಡಿಸಿ, ಉರಿಯ ಅಗತ್ಯಕ್ಕೆ ತಕ್ಕಂತೆ ಸರಿಸಿರಿ. ಒಂದು ಕಿಲೊ ಸೌದೆ ಉರಿಯಲು ನಾಲ್ಕೈದು ಘನ ಮೀಟರ್ ಗಾಳಿ ಸಾಕು. ಅದಕ್ಕಿಂತ ತುಂಬ ಹೆಚ್ಚಿಗೆ ನುಗ್ಗುವ ಗಾಳಿ ಬೆಂಕಿಯನ್ನು ಬೆಳೆಸುವುದಿಲ್ಲ, ಕಾವನ್ನು ಕೊಳವೆಯತ್ತ ಅಟ್ಟುತ್ತದೆ. ಹಂಡೆಗೊಂದು ಮುಚ್ಚಳ ಇರಲೇಬೇಕು. ಬಾಯಿ ತೆರೆದ ಬಿಸಿನೀರೂ ಒಂದು ಸಂದಿಯೇ.

ಹೊಗೆಮನೆಯ ಬಾಗಿಲಿನ ಅಂಚಿಗೆ ಹಳೆಯ ಟ್ಯೂಬಿನ ಪಟ್ಟಿಯನ್ನೋ ಕತ್ತದ ಹಗ್ಗವನ್ನೋ ಸಣ್ಣ ಮೊಳೆಗಳಿಂದ ಬಡಿಯಬಹುದು. ಒಲೆಯ ಹತ್ತಿರ ಮಾತ್ರ ಇವೆರಡೂ ಬೇಡ, ಬೆಂಕಿ ಹಿಡಿದೀತು. ಮಾಡಿಗೂ ಗೋಡೆಗೂ ನಡುವಿನ ಅಂತರವನ್ನು ಮುರಕಲ್ಲಿನ ಚೂರು ಮತ್ತು ಮಣ್ಣಿನಿಂದ ತುಂಬಬೇಕು. ಹೆಂಚಿನ ಮಾಡು ಸಂದಿಗಳ ಜಾಲವೇ ಆಗಿರುವುದರಿಂದ ಅದರ ಕೆಳಗೆ ಹಲಗೆಯ ಅಥವಾ ತಗಡಿನ ಒಳಮಾಡು ಇದ್ದರೆ ಉತ್ತಮ.

ಒಂದು ಎಚ್ಚರಿಕೆ. 2022ರ ಜೂನ್–ಜುಲೈಯಲ್ಲಿ ಚೆಂಬು, ಸಂಪಾಜೆ ಸುತ್ತ ಭೂಮಿ ಮತ್ತೆ ಮತ್ತೆ ಕಂಪಿಸಿದಾಗ ಕೆಲವು ಮನೆಗಳ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಅಡಿಪಾಯದಿಂದ ಮೇಲೇರಿದ, ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕು ಗಾಳಿ ಸೋರುವ ಸಂದಿಯಲ್ಲ, ಗೋಡೆಯ ಕಾಯಿಲೆ. ಅದಕ್ಕೆ ಮಣ್ಣು ಮೆತ್ತಿ ಮರೆಮಾಚದೆ ತಿಳಿದವರಿಗೆ ತೋರಿಸಬೇಕು.

ಮುಚ್ಚಬಾರದ ಕಂಡಿಗಳು

ಸಂದಿ ಮುಚ್ಚುವ ಉತ್ಸಾಹ ಎಲ್ಲ ಕಂಡಿಗಳಿಗೂ ಹಬ್ಬಬಾರದು. ಹೊಗೆಮನೆಯ ಮೊದಲ ದಿನ ಶೀಟಿನಿಂದ ನೀರಾವಿ ಧಾರಾಳವಾಗಿ ಹೊರಡುತ್ತದೆ. ಆಗ ಗವಾಕ್ಷಿ ತೆರೆದಿರಬೇಕು, ಕಾವು 40–45 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಆಮೇಲೆ ಹಂತಹಂತವಾಗಿ ಗವಾಕ್ಷಿ ಕಿರಿದುಗೊಳಿಸಿ ಕಾವು ಏರಿಸಬೇಕು. ಮೊದಲ ದಿನವೇ ಎಲ್ಲ ಮುಚ್ಚಿದರೆ ಶೀಟು ಒಣಗುವುದಿಲ್ಲ, ಬೇಯುತ್ತದೆ.

ಅಡುಗೆಮನೆಯ ಹೆಂಚಿನ ಸಂದಿಯನ್ನೂ ಕಿಟಕಿಯನ್ನೂ ಮುಟ್ಟಬೇಡಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕರಾವಳಿಯ ಮತ್ತು ತಪ್ಪಲಿನ ಮಾಡುಗಳು ಉಸಿರಾಡುತ್ತ ಬಂದಿವೆ. ಮಳೆ ಸುರಿಯುವ ನಾಲ್ಕು ತಿಂಗಳು ಗೋಡೆ ಬೂಷ್ಟು ಹಿಡಿಯದಂತೆ ಕಾಯ್ದದ್ದು ಆ ಉಸಿರೇ. ಅಟ್ಟದ ಮೇಲಿನ ಕಾಳುಮೆಣಸು, ಕೊಬ್ಬರಿ ಕೆಡದೆ ಉಳಿದದ್ದರಲ್ಲೂ ಅದರ ಪಾಲಿದೆ. ಕಾಂಕ್ರೀಟಿನ ತಾರಸಿಯ ಕೆಳಗೆ ಕಿಟಕಿ ಬಿಗಿದು ಕೂರುವವರು ಇದನ್ನು ನೆನಪಿಡಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಬೆಂಕಿಯಿರುವ ಕೋಣೆಯಲ್ಲಿ ಮನುಷ್ಯರು ಇರುವುದಾದರೆ ಅಲ್ಲಿ ಗಾಳಿಯ ದಾರಿ ತೆರೆದೇ ಇರಬೇಕು. ಅರೆಬೆಂದ ಇಂಧನದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಎಚ್ಚರಿಸದೆ ಕೊಲ್ಲುತ್ತದೆ. ಪೇಟೆಗಳಲ್ಲಿ ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದ ಜೀವ ಹೋದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಹಂಡೆಯೊಲೆಯ ಬಾಯಿ ಹೊರಗಿರಲಿ, ಸ್ನಾನದ ಕೋಣೆಯ ಗವಾಕ್ಷಿ ತೆರೆದಿರಲಿ. ಮಳೆಗಾಲದಲ್ಲಿ ಕೆಂಡದ ಬಾಣಲೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕುವ ಅಭ್ಯಾಸ ಯಾರಿಗಾದರೂ ಇದ್ದರೆ ಅದನ್ನು ಇಂದೇ ಬಿಡಬೇಕು. ಮುಚ್ಚಬೇಕಾದುದು ಕಾವಿನ ಸುತ್ತಲಿನ ಸಂದಿಯನ್ನು, ಮನುಷ್ಯರ ಸುತ್ತಲಿನ ಸಂದಿಯನ್ನಲ್ಲ.

ಕೆಲವು ಆಕ್ಷೇಪಗಳು

“ನಮ್ಮ ತೋಟದಲ್ಲೇ ಗೆರಟೆ, ಕೊತ್ತಳಿಗೆ, ರಬ್ಬರಿನ ಕೊಂಬೆ ಬೇಕಾದಷ್ಟಿದೆ, ಕಾಡಿಗೆ ಹೋಗುವವರಾರು?” ಎಂಬ ಮಾತು ಕೇಳಿಬರುತ್ತದೆ. ಹತ್ತು ಎಕರೆ ಇರುವವರಿಗೆ ಈ ಮಾತು ಸರಿ. ಹತ್ತು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡವರ ಹಂಡೆ ಯಾವ ಸೌದೆಯಲ್ಲಿ ಕಾಯುತ್ತದೆ? ಆ ಹೊರೆಯನ್ನು ಹೊರುವವರು ಬಹುಪಾಲು ಹೆಂಗಸರು. ಇನ್ನು ತೋಟದವರು ಉಳಿಸಿದ ಸೊಪ್ಪು–ಸೋಗೆ, ಕೊಂಬೆ–ರೆಂಬೆ ವ್ಯರ್ಥವಾಗುವುದಿಲ್ಲ. ತೋಟದ ಬುಡಕ್ಕೆ ಬಿದ್ದರೆ ಮಣ್ಣಾಗುತ್ತದೆ. ಮಣ್ಣು ವಿಜ್ಞಾನ ಓದಿದವನಾಗಿ ಹೇಳುತ್ತೇನೆ: ಈ ಮಳೆಗೆ ಕೊಚ್ಚಿಹೋಗುವ ನಮ್ಮ ಇಳಿಜಾರುಗಳಿಗೆ ಹೊದಿಕೆಗಿಂತ ದೊಡ್ಡ ಗೊಬ್ಬರವಿಲ್ಲ.

“ಸೌರಶಕ್ತಿಯ ಹೀಟರ್ ಹಾಕಿದರಾಯಿತು” ಎನ್ನುವವರಿದ್ದಾರೆ. ಹಾಕಬಲ್ಲವರು ಹಾಕಲಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಸಿನೀರು ಅತ್ಯಗತ್ಯವಾದ ದಿನಗಳಲ್ಲೇ, ನಮ್ಮ ಕಣಿವೆಗೆ ಸೂರ್ಯ ಅತಿಥಿ. ಆ ದಿನಗಳಲ್ಲಿ ಹಂಡೆಯೊಲೆ ಉರಿಯಲೇಬೇಕು.

“ಸುಧಾರಿತ ಒಲೆಗಳು ಬಂದು ಹೋದವಲ್ಲ” ಎಂಬುದು ಮೂರನೆಯ ಮಾತು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ನೂರಕ್ಕೆ ಮೂವತ್ತು ಪಾಲು ಮೀರಿ ಶಾಖವನ್ನು ಪಾತ್ರೆಗೆ ಮುಟ್ಟಿಸಬಲ್ಲದಾಗಿತ್ತು. 1980ರ ದಶಕದಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸುಧಾರಿತ ಒಲೆಗಳ ಕಾರ್ಯಕ್ರಮ ಹಮ್ಮಿಕೊಂಡಿತು. 2002ರಲ್ಲಿ ಅದು ನಿಂತಿತು. ಎಷ್ಟೋ ಒಲೆಗಳು ಮೂಲೆ ಸೇರಿದ್ದು ವಿನ್ಯಾಸದ ದೋಷದಿಂದಲ್ಲ. ಕೊಳವೆ ಕಟ್ಟಿದಾಗ ಕೆರೆಯುವವರಿಲ್ಲದೆ, ಮಣ್ಣು ಬಿರಿದಾಗ ಮೆತ್ತುವವರಿಲ್ಲದೆ. ಹೊಸದನ್ನು ಕೊಡಲು ಸಹಾಯಧನವಿತ್ತು, ಇದ್ದುದನ್ನು ಕಾಪಾಡಲು ಬಿಡಿಗಾಸೂ ಇರಲಿಲ್ಲ. ಒಲೆ ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ಮಳೆಗೆ ಮುನ್ನ ಮಾಡಿನ ಹೆಂಚು ಸರಿಮಾಡುವಂತೆ ಒಲೆಯ ಸಂದಿಯನ್ನೂ ವರ್ಷಕ್ಕೊಮ್ಮೆ ಸರಿಮಾಡಬೇಕು. ಸೌದೆಯನ್ನೂ ಆಗಲೇ ಕೊಟ್ಟಿಗೆ ಸೇರಿಸಬೇಕು. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುವುದರಿಂದ ಅದು ಕೊಡುವ ಕಾವೂ ಒಣ ಸೌದೆಯ ಅರ್ಧದಷ್ಟೇ.

ಚಳವಳಿಯ ಕೆಲಸ

2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಬೆಟ್ಟಗಳು ಜಾರಿದಾಗ ಮನೆ ಕಳೆದುಕೊಂಡವರು ಇಳಿದು ಬಂದು ಆಶ್ರಯ ಪಡೆದದ್ದು ಸಂಪಾಜೆ, ಕಲ್ಲುಗುಂಡಿಗಳಲ್ಲಿ. ಆ ಕುಸಿತಕ್ಕೆ ಕಾರಣಗಳು ಹಲವು. ಹಂಡೆಯೊಲೆಯೇ ಬೆಟ್ಟ ಕೆಡವಿತೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಆದರೆ ನಮ್ಮ ಬದುಕು ಇಳಿಜಾರಿನ ಮರ–ಮಣ್ಣಿನ ಮೇಲೆ ನಿಂತಿದೆ ಎಂಬುದನ್ನು ಆ ಆಗಸ್ಟ್ ನಮಗೆ ಕಲಿಸಿತು. ಆ ಮೇಲೆ ನಾವು ಗಿಡ ನೆಟ್ಟೆವು, ಮೆರವಣಿಗೆ ಮಾಡಿದೆವು, ಮನವಿ ಕೊಟ್ಟೆವು. ಅವೆಲ್ಲ ಆಗಬೇಕಾದವೇ. ಆದರೆ ಬೆಳಿಗ್ಗೆ ವನಮಹೋತ್ಸವದಲ್ಲಿ ಸಸಿ ನೆಟ್ಟು ಸಂಜೆ ಸಂದಿಬಿಟ್ಟ ಒಲೆಗೆ ಹಸಿ ಕೊರಡು ತುರುಕುವ ಚಳವಳಿಯ ಮಾತನ್ನು ಗುಡ್ಡ ನಂಬುವುದಿಲ್ಲ. ಪರಿಸರ ರಕ್ಷಣೆ ವೇದಿಕೆಯಿಂದ ಬಚ್ಚಲಿಗೂ ಬರಬೇಕು.

ದಿನಕ್ಕೆ ಮೂರು ಕಿಲೊ ಉಳಿದರೆ ಮಳೆಗಾಲದ ನಾಲ್ಕು ತಿಂಗಳಲ್ಲಿ ಒಂದು ಮನೆಯಿಂದ ಮೂರೂವರೆ ಕ್ವಿಂಟಲಿಗೂ ಮಿಕ್ಕ ಸೌದೆ ಉಳಿಯುತ್ತದೆ. ನೂರು ಮನೆಯ ಊರಿಗೆ ಎಷ್ಟಾಯಿತೆಂದು ವಿದ್ಯಾರ್ಥಿಗಳು ಲೆಕ್ಕ ಮಾಡಲಿ. ಲೆಕ್ಕ ಮಾತ್ರವಲ್ಲ, ಅಳತೆಯನ್ನೂ ಅವರೇ ಮಾಡಲಿ. ಒಂದು ವಾರ ಮನೆಯ ಹಂಡೆಗೆ ಹಾಕುವ ಸೌದೆಯನ್ನು ಪ್ರತಿದಿನ ತೂಗಿ ಬರೆದಿಡಿ. ಸಂದಿ ಮುಚ್ಚಿ, ಮುಚ್ಚಳ ಹಾಕಿ, ಅಷ್ಟೇ ನೀರಿಗೆ, ಅದೇ ಬಗೆಯ ಸೌದೆಯಿಂದ ಮತ್ತೊಂದು ವಾರ ತೂಗಿ. ಎರಡು ಅಂಕಿಗಳನ್ನು ಶಾಲೆಯ ಫಲಕದ ಮೇಲೆ ಬರೆಯಿರಿ. ನನ್ನ ಲೆಕ್ಕ ತಪ್ಪೆಂದು ನಿಮ್ಮ ತಕ್ಕಡಿ ಹೇಳಿದರೆ ತಕ್ಕಡಿಯನ್ನೇ ನಂಬಿರಿ.

ಇದಕ್ಕೆ ಯೋಜನೆ ಬರಬೇಕಾಗಿಲ್ಲ, ಅರ್ಜಿ ಹಾಕಬೇಕಾಗಿಲ್ಲ. ಒಂದು ಬುಟ್ಟಿ ಮಣ್ಣು, ಒಂದು ಮಾರು ಕತ್ತದ ಹಗ್ಗ, ಒಂದು ಊದುಬತ್ತಿ ಮತ್ತು ಮನೆಮಂದಿಯ ಅರ್ಧ ದಿನ. ಪತ್ತನಾಜೆಯೊಳಗೆ ಈ ಕೆಲಸ ಮುಗಿದರೆ ಬರುವ ಮಳೆಗಾಲಕ್ಕೆ ಒಲೆ ಸಿದ್ಧ.